ಹಳೆ ಕೋವಿಗೆ ಹೊಸ ತೋಟೆ

ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್, ಮಿಷಿಗನ್ ಕಡೆ ಕೋವಿ ಹೆಗಲಿಗೇರಿಸಿ ಜಿಂಕೆ ಬೇಟೆಗೆ ಹೋಗುವ ಕಾಲ ನವೆಂಬರ್. ಅದು ಮುಗಿಯುತ್ತ ಬರುವ ಹೊತ್ತಿಗೆ ಹಿಮ ಬೀಳಲು ಶುರುವಾದರೆ ಮಾರ್ಚ್ ತನಕ ಬಿಡುವಿಲ್ಲ. ಸಂಜೆ ಐದಕ್ಕೆಲ್ಲ ಕತ್ತಲೆ. ಊರಾಚೆಯ ಶೂಟಿಂಗ್ ರೇಂಜಿನ ಗೇಟಿನ ಮುಂದೆ ಮೊಣಕಾಲೆತ್ತರ ಹಿಮ. ಇಂಥ ತಿಂಗಳುಗಳಲ್ಲಿ ಅಲ್ಲಿನವರು ಬೇಸ್‌ಮೆಂಟಿಗೆ ಇಳಿದು ಏನಾದರೊಂದು ಕೈಕೆಲಸ ಹಿಡಿಯುತ್ತಾರೆ. ಕೆಲವರಿಗೆ ಮರಗೆಲಸ, ಕೆಲವರಿಗೆ ಗಾಳಕ್ಕೆ ಕಟ್ಟುವ ಗರಿಯ ಹುಳು ಮಾಡುವ ಕೆಲಸ. ಇನ್ನು ಕೆಲವರು ವರ್ಷವಿಡೀ ಹಾರಿಸಿ ಹೆಕ್ಕಿಟ್ಟುಕೊಂಡ ತೋಟೆಗಳ ಖಾಲಿ ಹಿತ್ತಾಳೆ ಕೊಳವೆಗಳನ್ನು ಕಾಫಿ ಡಬ್ಬಿಗಳಿಂದ ಮೇಜಿನ ಮೇಲೆ ಸುರಿದುಕೊಂಡು ಕೂರುತ್ತಾರೆ. ಬೆನ್ನ ಹಿಂದಿನ ಕಬ್ಬಿಣದ ಬೀರುವಿನಲ್ಲಿ ಒಂದೋ ಎರಡೋ ಮಹಾಯುದ್ಧ ಕಂಡುಬಂದ ರೈಫಲ್‌ಗಳು ಸಾಲಾಗಿ ನಿಂತಿರುತ್ತವೆ.

ತೋಟೆ ಮರುತುಂಬುವುದು, ಹಳೆ ರೈಫಲ್ ಕೂಡಿಡುವುದು ಎರಡು ಬೇರೆ ಬೇರೆ ಹವ್ಯಾಸದಂತೆ ಕಾಣುತ್ತವೆ. ಹತ್ತಿರದಿಂದ ನೋಡಿದರೆ ಎರಡೂ ಒಂದೇ. ನೂರು ವರ್ಷದ ರೈಫಲ್ ಒಂದನ್ನು ಕೊಂಡುತಂದವರಿಗೆ ಮೊದಲು ಎದುರಾಗುವ ಪ್ರಶ್ನೆ, ಇದಕ್ಕೆ ತೋಟೆ ಎಲ್ಲಿಂದ ತರುವುದು ಎಂಬುದು. ಅದನ್ನು ಸಾಕಿದ ಸೈನ್ಯ ಬೇರೆ ಅಳತೆಗೆ ಹೋಗಿ ಎಷ್ಟೋ ಕಾಲವಾಗಿರುತ್ತದೆ. ಅಂಗಡಿಯಲ್ಲಿ ಸಿಕ್ಕರೂ ದುಬಾರಿ, ಸಿಕ್ಕದಿದ್ದರೆ ರೈಫಲ್ ಗೋಡೆಗೆ ಒರಗಿಸಿದ ದೊಣ್ಣೆ. ತಾನೇ ತುಂಬಿಕೊಳ್ಳಲು ಕಲಿತವನಿಗೆ ಮಾತ್ರ ಅದು ಮತ್ತೆ ರೈಫಲ್. ಕಲಿಯಲು ಕೂತವನು ಆ ಕೋವಿಯ ಹುಟ್ಟು, ಗುಣ, ಹಟ ಎಲ್ಲವನ್ನೂ ತಿಳಿದುಕೊಳ್ಳದೆ ವಿಧಿಯಿಲ್ಲ.

ಮಲೆನಾಡಿನ ಹಳೆ ಮನೆಗಳಲ್ಲಿ ಕೇಪಿನ ಕೋವಿ ನೋಡಿದವರಿಗೆ ಇದರ ಮೂಲತತ್ವ ಹೇಳಿಕೊಡಬೇಕಿಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ಗಿಡಿದು, ಚರೆ ಹಾಕಿ, ಮತ್ತೆ ನಾರು ಗಿಡಿದು, ಹಿಂದೆ ಕೇಪು ಸಿಕ್ಕಿಸಿದರೆ ಈಡು ತಯಾರು. ತೋಟೆ ಎಂದರೆ ಇದೇ ಸಾಮಾನುಗಳನ್ನು ಮೊದಲೇ ಒಂದು ಹಿತ್ತಾಳೆ ಕೊಳವೆಯಲ್ಲಿ ಕೂರಿಸಿಟ್ಟದ್ದು. ಬುಡದಲ್ಲಿ ಕೇಪು, ಹೊಟ್ಟೆಯಲ್ಲಿ ಮದ್ದು, ಬಾಯಲ್ಲಿ ಗುಂಡು. ಕುದುರೆ ಬಡಿದೊಡನೆ ಕೇಪು ಸಿಡಿದು, ಮದ್ದು ಉರಿದು, ಗುಂಡು ಹಾರಿಹೋಗುತ್ತದೆ. ಉಳಿಯುವುದು ಹಿತ್ತಾಳೆ. ನಾಲ್ಕರಲ್ಲಿ ಹೆಚ್ಚು ಬೆಲೆಯದೂ ಸಾಮಾನ್ಯವಾಗಿ ಅದೇ. ಅದನ್ನು ಎಸೆಯಲು ಜಿಪುಣನಲ್ಲದವನಿಗೂ ಮನಸ್ಸು ಬರುವುದಿಲ್ಲ.

ಹಿತ್ತಾಳೆಯೇ ಯಾಕೆ ಎಂದರೆ ಅದರ ಸ್ವಭಾವ ಹಾಗಿದೆ. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು ಬೆರೆತ ಈ ಲೋಹ ಒಳಗಿನ ಒತ್ತಡಕ್ಕೆ ಉಬ್ಬಿ ನಳಿಗೆಯ ಗೋಡೆಗೆ ಅಂಟಿಕೊಳ್ಳುತ್ತದೆ, ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಮರುಕ್ಷಣವೇ ಕೂದಲೆಳೆಯಷ್ಟು ಕುಗ್ಗಿ, ಎಳೆದರೆ ಹೊರಬರುವಷ್ಟು ಸಡಿಲವಾಗುತ್ತದೆ. ಆ ಒಂದು ಗಳಿಗೆಯಲ್ಲಿ ಒಳಗಿನ ಒತ್ತಡ ಚದರ ಇಂಚಿಗೆ 50,000 ಪೌಂಡಿನ ಆಸುಪಾಸು. ಆದರೆ ಹೀಗೆ ಉಬ್ಬಿ ಕುಗ್ಗಿ, ಮತ್ತೆ ಅಚ್ಚಿನಲ್ಲಿ ಒತ್ತಿಸಿಕೊಂಡು, ಮತ್ತೆ ಉಬ್ಬುವ ಹಿತ್ತಾಳೆ ದಿನೇ ದಿನೇ ಬಿರುಸಾಗುತ್ತ ಹೋಗಿ ಕಡೆಗೆ ಕುತ್ತಿಗೆಯ ಬಳಿ ಬಿರುಕು ಬಿಡುತ್ತದೆ. ಕಂಚುಗಾರರು ಪಾತ್ರೆ ಬಡಿಯುವಾಗ ನಡುನಡುವೆ ಕುಲುಮೆಗೆ ಹಿಡಿದು ಕಾಯಿಸುವುದು ಇದೇ ಬಿರುಸು ಇಳಿಸಲಿಕ್ಕೆ. ತೋಟೆ ತುಂಬುವವರೂ ಅದನ್ನೇ ಮಾಡುತ್ತಾರೆ. ಕಾಯಬೇಕಾದದ್ದು ಕುತ್ತಿಗೆ ಮಾತ್ರ. ಬುಡ ಮೆತ್ತಗಾದರೆ ಹಾರಿಸುವಾಗ ಸೀಳಿ, ಬಿಸಿ ಅನಿಲ ಮುಖಕ್ಕೇ ಬರಬಹುದು. ಅದಕ್ಕೇ ಹಳಬರು ಕೊಳವೆಗಳನ್ನು ತಟ್ಟೆಯ ನೀರಿನಲ್ಲಿ ಬುಡ ಮುಳುಗುವಂತೆ ನಿಲ್ಲಿಸಿ, ದೀಪ ಮಂದ ಮಾಡಿ, ಬೆಂಕಿಯ ನಾಲಗೆ ತಾಗಿಸಿ ಹಿತ್ತಾಳೆಯ ಬಣ್ಣ ತಿರುಗುವುದನ್ನೇ ನೋಡುತ್ತಿದ್ದರು. ಬಣ್ಣ ತಿರುಗಿತೋ, ಬೆರಳಿಂದ ತಟ್ಟಿ ನೀರಿಗೆ ಕೆಡವುವುದು. ಬೆಳಕು ಜೋರಿದ್ದರೆ ಬಣ್ಣ ಗೊತ್ತಾಗುವುದಿಲ್ಲ.

ಬೆಳಕಿನ ಈ ಮಾತಿಗೆ ಅಮೆರಿಕದ ಸೈನ್ಯವೇ ಒಮ್ಮೆ ದೊಡ್ಡ ಬೆಲೆ ತೆತ್ತಿದೆ. ಮೊದಲ ಮಹಾಯುದ್ಧದ ಹೊತ್ತಿಗೆ ಅವರ ಕೈಲಿದ್ದದ್ದು 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್. ಅದರಲ್ಲಿ ಕೆಲವು ಹಾರಿಸುವಾಗ ಒಡೆದು ಚೂರಾದವು. ತನಿಖೆ ಮಾಡಿದಾಗ ತಿಳಿದದ್ದು: ಕಾರ್ಖಾನೆಯ ಅನುಭವಿ ಕುಲುಮೆಗಾರರು ಉಕ್ಕು ಎಷ್ಟು ಕಾದಿದೆ ಎಂದು ಕಣ್ಣಳತೆಯಲ್ಲೇ ತೀರ್ಮಾನಿಸುತ್ತಿದ್ದರು. ಮೋಡದ ದಿನ ಸರಿ. ಬಿಸಿಲು ಸುರಿಯುವ ದಿನ ಕೆಂಪು ಮಂಕಾಗಿ ಕಂಡು ಇನ್ನೂ ಕಾಯಬೇಕೆಂದು ಬಿಡುತ್ತಿದ್ದರು. ಹಾಗೆ ಅತಿಯಾಗಿ ಕಾದ ಉಕ್ಕು ಗಾಜಿನ ಗುಣ ಪಡೆಯುತ್ತಿತ್ತು. ಆಮೇಲೆ ಕಾಯಿಸುವ ಪದ್ಧತಿಯೇ ಬದಲಾಯಿತು. ಇವತ್ತಿಗೂ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8,00,000ಕ್ಕಿಂತ ಕೆಳಗಿನ ಸಂಖ್ಯೆಯ ರೈಫಲ್ ಸಿಕ್ಕಿದರೆ ತಿಳಿದವರು ಎಣ್ಣೆ ಒರೆಸಿ ಬೀರುವಿನಲ್ಲಿಡುತ್ತಾರೆಯೇ ಹೊರತು ತೋಟೆ ತೋರಿಸುವುದಿಲ್ಲ. ಅದರಲ್ಲಿ ಯಾವುದು ಮೋಡದ ದಿನದ್ದು, ಯಾವುದು ಬಿಸಿಲಿನ ದಿನದ್ದು ಎಂದು ಹೊರಗಿನಿಂದ ಹೇಳಲು ಬರುವುದಿಲ್ಲವಲ್ಲ.

ಮೇಜಿನ ಕೆಲಸಕ್ಕೆ ಬರೋಣ. ಪುಡಿಮಾಡಿದ ಅಕ್ರೋಟ್ ಚಿಪ್ಪು ತುಂಬಿದ ಡ್ರಮ್ಮಿನಲ್ಲಿ ಗಂಟೆಗಟ್ಟಲೆ ಹೊರಳಾಡಿದ ಕೊಳವೆಗಳು ಹೊಳೆಯುತ್ತ ಬರುತ್ತವೆ. ಒಂದೊಂದಕ್ಕೂ ತೆಳ್ಳಗೆ ಜಿಡ್ಡು ಸವರಿ, ಸನ್ನೆಯ ಪ್ರೆಸ್ಸಿಗೆ ಕೊಟ್ಟು ಉಕ್ಕಿನ ಡೈಯೊಳಕ್ಕೆ ಒತ್ತಿದರೆ ಉಬ್ಬಿದ ಮೈ ಮೊದಲಿನ ಅಳತೆಗೆ ಬರುತ್ತದೆ, ಸಿಡಿದ ಕೇಪು ಟಣ್ಣನೆ ಕೆಳಗೆ ಬೀಳುತ್ತದೆ. ಉದ್ದ ಅಳೆದು, ಹೆಚ್ಚಾಗಿದ್ದರೆ ಬಾಯಿ ಹೆರೆದು, ಅಂಚು ನಯ ಮಾಡಿ, ಹೊಸ ಕೇಪನ್ನು ಹೆಬ್ಬೆರಳಿಗೆ ತಳ ಸಿಕ್ಕಿದ್ದು ತಿಳಿಯುವವರೆಗೆ ಒತ್ತಿ ಕೂರಿಸುತ್ತಾರೆ. ಆಮೇಲೆ ಮದ್ದು. ಅದರ ತೂಕ ಗ್ರೇನ್ ಲೆಕ್ಕದಲ್ಲಿ. ಪೌಂಡಿಗೆ 7,000 ಗ್ರೇನ್, ಅಂದರೆ ಒಂದು ಗ್ರೇನಿಗೆ ಸುಮಾರು 65 ಮಿಲಿಗ್ರಾಂ, ನಮ್ಮ ಅಕ್ಕಸಾಲಿಗರ ಗುಲಗಂಜಿಯ ಅರ್ಧಕ್ಕಿಂತ ಕೊಂಚ ಹೆಚ್ಚು. ಆ ಗ್ರೇನನ್ನೂ ಹತ್ತು ಪಾಲು ಮಾಡಿ ತೂಗುತ್ತಾರೆ. ಎಷ್ಟು ಹಾಕಬೇಕೆಂದು ಯಾರೂ ತಲೆಯಿಂದ ಲೆಕ್ಕ ಹಾಕುವುದಿಲ್ಲ. ಲೈಮನ್, ಹಾರ್ನಡಿ, ಸ್ಪಿಯರ್ ಮೊದಲಾದ ಕಂಪನಿಗಳು ಪ್ರಯೋಗಾಲಯದಲ್ಲಿ ಒತ್ತಡ ಅಳೆದು ಅಚ್ಚು ಹಾಕಿಸಿದ ದಪ್ಪ ಕೈಪಿಡಿಗಳಿವೆ. ಅದರಲ್ಲಿರುವ ಅತಿ ಕಡಿಮೆ ಅಳತೆಯಿಂದ ಶುರುಮಾಡಿ, ಹಾರಿಸಿ ನೋಡಿ, ಕೇಪಿನ ಮುಖ ಚಪ್ಪಟೆಯಾಯಿತೇ ಎಂದು ಪರೀಕ್ಷಿಸಿ ಮೇಲೇರುವುದು ಕ್ರಮ.

ಈ ಕೆಲಸದಲ್ಲಿ ಬುದ್ಧಿವಂತಿಕೆಗಿಂತ ಬೇಸರ ತಡೆದುಕೊಳ್ಳುವ ಶಕ್ತಿ ಮುಖ್ಯ. ಪಿಸ್ತೂಲಿನ ತೋಟೆಯಲ್ಲಿ ಮದ್ದು ತುಂಬುವುದು ಎಷ್ಟೋ ಸಲ ಅರ್ಧಕ್ಕೂ ಕಡಿಮೆ. ಗಮನ ತಪ್ಪಿ ಎರಡನೇ ಸಲ ಸುರಿದರೂ ಕೊಳವೆ ತುಂಬಿ ಚೆಲ್ಲುವುದಿಲ್ಲ, ತಪ್ಪಾಗಿದ್ದು ತಿಳಿಯುವುದೂ ಇಲ್ಲ. ಹಾರಿಸಿದಾಗ ತಿಳಿಯುತ್ತದೆ. ಅದಕ್ಕೇ ಐವತ್ತು ಕೊಳವೆಗಳನ್ನು ಹಲಗೆಯ ಕುಳಿಗಳಲ್ಲಿ ನಿಲ್ಲಿಸಿ, ಟಾರ್ಚು ಹಿಡಿದು, ಒಂದೊಂದರ ಒಳಗೂ ಮದ್ದಿನ ಮಟ್ಟ ನೋಡುತ್ತಾರೆ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ. ಟೀವಿ ಇಲ್ಲ, ಫೋನಿಲ್ಲ, ಬಿಯರಂತೂ ಇಲ್ಲವೇ ಇಲ್ಲ. ಏನನ್ನೂ ತಿನ್ನುವಂತಿಲ್ಲ, ಯಾಕೆಂದರೆ ಸಿಡಿದ ಕೇಪಿನ ಮಸಿಯಲ್ಲೂ ಆ ಡ್ರಮ್ಮಿನ ಧೂಳಿನಲ್ಲೂ ಸೀಸವಿರುತ್ತದೆ. ಎದ್ದು ಹೋಗುವಾಗ ಕೈಯನ್ನು ಸೋಪು ಹಾಕಿ ತಿಕ್ಕಿ ತೊಳೆಯಬೇಕು. ಎಷ್ಟೋ ಸಂಸಾರಗಳಲ್ಲಿ ಇದೊಂದೇ ಕಾರಣಕ್ಕೆ ಬೇಸ್‌ಮೆಂಟಿನ ಆ ಮೂಲೆಗೆ ಮಕ್ಕಳಿಗೆ ಪ್ರವೇಶವಿಲ್ಲ.

ಇದು ಮೊದಲಿಗೆ ಹವ್ಯಾಸವಾಗಿರಲಿಲ್ಲ, ಬಡತನದ ಮತ್ತು ದೂರದ ದಾರಿಯ ಕಸುಬಾಗಿತ್ತು. 1870ರ ದಶಕದಲ್ಲಿ ಅಮೆರಿಕದ ಹುಲ್ಲುಗಾವಲುಗಳಲ್ಲಿ ಕಾಡೆಮ್ಮೆಗಳನ್ನು ಲಕ್ಷಗಟ್ಟಲೆ ಕೊಂದು ಮುಗಿಸಿದ ಬೇಟೆಗಾರರು ಸೀಸದ ಗಟ್ಟಿ, ಮದ್ದಿನ ಪೀಪಾಯಿ ಹೇರಿಕೊಂಡು ಹೋಗಿ, ರಾತ್ರಿ ಬೆಂಕಿಯ ಪಕ್ಕ ಕೂತು ಹಗಲಿನ ಖಾಲಿ ಕೊಳವೆಗಳನ್ನು ತುಂಬುತ್ತಿದ್ದರು. ಅದು ಮನೆಮನೆಯ ಹವ್ಯಾಸವಾದದ್ದು ಎರಡನೇ ಮಹಾಯುದ್ಧದ ನಂತರ. ಯುದ್ಧ ನಿಂತಾಗ ಸರ್ಕಾರದ ಗೋದಾಮುಗಳಲ್ಲಿ ಮದ್ದು ರಾಶಿ ಬಿದ್ದಿತ್ತು. ಕ್ಯಾನ್ಸಸ್‌ನ ಬ್ರೂಸ್ ಹಾಡ್ಜ್‌ಡನ್ ಎಂಬಾತ ಅದನ್ನು ಸಗಟು ಕೊಂಡು, ಪೌಂಡಿನ ಲೆಕ್ಕದಲ್ಲಿ ಅಂಚೆ ಮೂಲಕ ಚಿಲ್ಲರೆ ಮಾರಲು ಕೂತ. ಅದರಲ್ಲಿ ಮುಖ್ಯವಾದದ್ದು 4895 ಸಂಖ್ಯೆಯ ಮದ್ದು, ಸೈನ್ಯದ ಥರ್ಟಿ ಆಟ್ ಸಿಕ್ಸ್ ತೋಟೆಗೆಂದೇ ತಯಾರಾದದ್ದು. ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್‌ಟನ್ 1943ರಲ್ಲಿ ಆರ್‌ಸಿಬಿಎಸ್ ಶುರುಮಾಡಿ ಗಟ್ಟಿ ಪ್ರೆಸ್ಸುಗಳನ್ನು ಕೊಟ್ಟ. ನೆಬ್ರಾಸ್ಕದಲ್ಲಿ ಜಾಯ್ಸ್ ಹಾರ್ನಡಿ 1949ರಲ್ಲಿ ಗುಂಡುಗಳ ಕಾರ್ಖಾನೆ ತೆರೆದ. 1958ರಲ್ಲಿ ವಿಸ್ಕಾನ್ಸಿನ್‌ನ ರಿಚರ್ಡ್ ಲೀ, ಪ್ರೆಸ್ಸೇ ಬೇಡ, ಸುತ್ತಿಗೆಯಲ್ಲಿ ಬಡಿದರೆ ಸಾಕು ಎಂಬಂಥ ಅಂಗೈ ಅಗಲದ ಸಾಧನ ಮಾರುಕಟ್ಟೆಗೆ ಬಿಟ್ಟ. ಎಲ್ಲರೂ ತಾವೇ ಬೇಟೆಗಾರರು, ಗುರಿಕಾರರು. ತಮಗೆ ಬೇಕಾದದ್ದನ್ನು ಮಾಡಿಕೊಂಡು ನೆರೆಯವರಿಗೂ ಮಾರಿದರು.

ಅದೇ ಗೋದಾಮುಗಳಿಂದ ರೈಫಲ್‌ಗಳೂ ಬಂದವು. ಯುರೋಪಿನ ಸೈನ್ಯಗಳು ಬೋಲ್ಟ್ ಎಳೆದು ಹಾರಿಸುವ ಕೋವಿಗಳನ್ನು ಬಿಟ್ಟು ತಾನಾಗಿ ತುಂಬಿಕೊಳ್ಳುವ ಕೋವಿಗಳಿಗೆ ಹೋದಾಗ ಹಳೆಯವು ಹಡಗುಗಟ್ಟಲೆ ಅಮೆರಿಕಕ್ಕೆ ಬಂದು ಬಿದ್ದವು. ಪತ್ರಿಕೆಯ ಕೂಪನ್ ಕತ್ತರಿಸಿ ಮನಿಯಾರ್ಡರ್ ಕಳಿಸಿದರೆ ಅಂಚೆಯವನು ಮನೆಗೆ ತಂದು ಕೊಡುತ್ತಿದ್ದ. 1963ರ ಮಾರ್ಚಿನಲ್ಲಿ ಷಿಕಾಗೋದ ಅಂಗಡಿಯೊಂದರಿಂದ ಹೀಗೆಯೇ ದುರ್ಬೀನು ಕೂರಿಸಿದ ಇಟಲಿಯ ಕಾರ್ಕಾನೊ ರೈಫಲ್ ಒಂದು 19 ಡಾಲರ್ 95 ಸೆಂಟಿಗೆ ಸುಳ್ಳು ಹೆಸರಿಗೆ ಹೋಯಿತು. ತರಿಸಿಕೊಂಡವನು ಲೀ ಹಾರ್ವೆ ಓಸ್ವಾಲ್ಡ್. ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಅಧ್ಯಕ್ಷ ಕೆನಡಿ ಸತ್ತದ್ದು ಅದರ ಗುಂಡಿಗೆ. 1968ರಲ್ಲಿ ಬಂದ ಕಾನೂನು ಅಂಚೆಯಲ್ಲಿ ಕೋವಿ ತರಿಸುವುದನ್ನು ನಿಲ್ಲಿಸಿತು. ಸಂಗ್ರಾಹಕರಿಗೆ ಮಾತ್ರ ಒಂದು ಕಿಂಡಿ ಉಳಿಯಿತು: 30 ಡಾಲರ್ ಕಟ್ಟಿ ಮೂರು ವರ್ಷದ ಪರವಾನಗಿ ಪಡೆದವರು 50 ವರ್ಷ ದಾಟಿದ ಕೋವಿಗಳನ್ನು ಮನೆಗೇ ತರಿಸಿಕೊಳ್ಳಬಹುದು, ಪ್ರತಿಯೊಂದನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದಿಡಬೇಕು. 1898 ಅಥವಾ ಅದಕ್ಕೂ ಮೊದಲು ಹುಟ್ಟಿದ ಕೋವಿಯನ್ನು ಅಲ್ಲಿನ ಕೇಂದ್ರ ಕಾನೂನು ಕೋವಿ ಎಂದೇ ಎಣಿಸುವುದಿಲ್ಲ.

ಈ ಹವ್ಯಾಸವನ್ನು ಮುಗ್ಧ ಎಂದು ಬರೆಯಲು ನನ್ನ ಕೈ ಏಳುವುದಿಲ್ಲ. ಆ ದೇಶದಲ್ಲಿ ಶಾಲೆಗಳಿಗೆ ನುಗ್ಗಿ ಮಕ್ಕಳ ಮೇಲೆ ಗುಂಡು ಹಾರಿಸಿದ ಸುದ್ದಿ ಬಂದಾಗಲೆಲ್ಲ ಕೋವಿಯ ಮೇಲಿನ ಪ್ರೀತಿಯ ಮಾತೇ ಕಹಿಯಾಗುತ್ತದೆ. ಅಂಥ ಕೃತ್ಯಗಳಿಗೆ ಒಂದೊಂದು ಸಲಕ್ಕೂ ಬೋಲ್ಟ್ ಎಳೆಯಬೇಕಾದ ಇಂಥ ಹಳೆ ರೈಫಲ್ ಬಳಕೆಯಾಗುವುದು ಅಪರೂಪ ಎಂಬುದೂ ನಿಜ. ಎರಡೂ ತಿಳಿದ ಸಂಗ್ರಾಹಕರೇ ಹೆಚ್ಚು. ಅವರಲ್ಲಿ ಬಹಳ ಮಂದಿ ರೈಫಲ್ಲನ್ನು ಹಾರಿಸುವುದಕ್ಕಿಂತ ಓದುವವರು.

ಓದುವುದು ಎಂದೆ. ಪ್ರತಿ ಸೈನ್ಯವೂ, ಕಾರ್ಖಾನೆಯೂ, ಪರೀಕ್ಷಕನೂ ಲೋಹದ ಮೇಲೆ ಮುದ್ರೆ ಒತ್ತಿದ್ದಾರೆ. ರಷ್ಯದ 1891ರ ಮೋಸಿನ್ ನಗಾಂತ್ ಸುಮಾರು 3.7 ಕೋಟಿ ತಯಾರಾದ ರೈಫಲ್. ಈ ಶತಮಾನದ ಮೊದಲ ವರ್ಷಗಳಲ್ಲಿ ಅಮೆರಿಕದ ಅಂಗಡಿಗಳಲ್ಲಿ ನೂರು ಡಾಲರಿಗೂ ಕಡಿಮೆಗೆ, ಕಾಸ್ಮೊಲಿನ್ ಎಂಬ ಕಂದು ಗ್ರೀಸಿನಲ್ಲಿ ಅದ್ದಿ ಮರದ ಪೆಟ್ಟಿಗೆಗೆ ಹಾಕಿದ ಸ್ಥಿತಿಯಲ್ಲೇ ಸಿಗುತ್ತಿತ್ತು. ಆ ಗ್ರೀಸು ಬಿಡಿಸುವುದೇ ಒಂದು ವಾರಾಂತ್ಯದ ಕೆಲಸ. ಮರವನ್ನು ಹೀಟರ್ ಪಕ್ಕ ನಿಲ್ಲಿಸಿ, ಬೆವರಿದ್ದನ್ನು ಒರೆಸಿ, ಮತ್ತೆ ನಿಲ್ಲಿಸಬೇಕು. ಒರೆಸುತ್ತ ಹೋದಂತೆ ಇಸವಿ ಕಾಣುತ್ತದೆ, ಕಾರ್ಖಾನೆಯ ಗುರುತು ಕಾಣುತ್ತದೆ. ಅದೃಷ್ಟವಿದ್ದವನಿಗೆ ಚೌಕದೊಳಗೆ ಎಸ್ ಎ ಎಂಬ ಎರಡಕ್ಷರ ಕಾಣುತ್ತದೆ, ಅದು ಫಿನ್ಲೆಂಡ್ ಸೈನ್ಯದ ಆಸ್ತಿಯೆಂಬ ಮುದ್ರೆ. ರಷ್ಯನ್ನರಿಂದ ಕಸಿದುಕೊಂಡ ಇದೇ ಮಾದರಿಯನ್ನು ಫಿನ್ನರು ತಿದ್ದಿ ತೀಡಿ, 1939–40ರ ಹಿಮಗಾಲದ ಯುದ್ಧದಲ್ಲಿ ರಷ್ಯನ್ನರ ಮೇಲೆಯೇ ತಿರುಗಿಸಿದರು. ಸ್ವಿಟ್ಜರ್ಲೆಂಡಿನ ಕೆ 31 ಇನ್ನೂ ವಿಚಿತ್ರ. ಹಿಡಿಯ ಹಿಂಬದಿಯ ಲೋಹದ ತಗಡು ಬಿಚ್ಚಿದರೆ ಒಳಗೆ ಒಂದು ಚೀಟಿ ಸಿಗುವುದುಂಟು. ಅದರಲ್ಲಿ ಆ ರೈಫಲ್ ಪಡೆದ ಸೈನಿಕನ ಹೆಸರು, ದಳ, ಊರು. ಯುದ್ಧವನ್ನೇ ಕಾಣದ ಸೈನಿಕ, ಯಾರನ್ನೂ ಕೊಲ್ಲದ ರೈಫಲ್. ಸಂಗ್ರಾಹಕರು ಆ ಚೀಟಿಯನ್ನು ತೆಗೆದು ನೋಡಿ ಮತ್ತೆ ಅಲ್ಲೇ ಇಡುತ್ತಾರೆ.

ನಮಗೆ ಹತ್ತಿರದ್ದು ಲೀ ಎನ್‌ಫೀಲ್ಡ್, ನಮ್ಮ ಜನರ ಬಾಯಲ್ಲಿ ತ್ರೀ ನಾಟ್ ತ್ರೀ. ಪೊಲೀಸ್ ಠಾಣೆಯ ಬಾಗಿಲಲ್ಲಿ, ಬ್ಯಾಂಕಿನ ಮುಂದೆ, ಮತಗಟ್ಟೆಯ ಹೊರಗೆ ನಾವೆಲ್ಲ ನೋಡಿದ ಕೋವಿ. ಬೋಲ್ಟ್ ರೂಪಿಸಿದ ಜೇಮ್ಸ್ ಪ್ಯಾರಿಸ್ ಲೀ ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದವನು, ಎನ್‌ಫೀಲ್ಡ್ ಇಂಗ್ಲೆಂಡಿನ ಸರ್ಕಾರಿ ಕಾರ್ಖಾನೆಯ ಊರು. ಕಲ್ಕತ್ತೆಯ ಉತ್ತರಕ್ಕೆ ಹೂಗ್ಲಿ ದಂಡೆಯ ಇಷಾಪುರದಲ್ಲೂ ಇದೇ ರೈಫಲ್ ದಶಕಗಟ್ಟಲೆ ತಯಾರಾಯಿತು. 1962ರ ಚೀನಾ ಯುದ್ಧದ ನಂತರ ಅಲ್ಲಿನವರು ಉಕ್ಕು ಬದಲಿಸಿ ಇದನ್ನು 7.62 ಮಿಲಿಮೀಟರ್ ತೋಟೆಗೆ ಹೊಂದಿಸಿ 2ಎ ಮತ್ತು 2ಎ1 ಎಂಬ ಮಾದರಿ ತಂದರು. ಅವುಗಳಲ್ಲಿ ಎಷ್ಟೋ ಮುಂದೆ ಸಮುದ್ರ ದಾಟಿ ಅಮೆರಿಕದ ಸಂಗ್ರಾಹಕರ ಬೀರು ಸೇರಿವೆ, ಮೈಮೇಲೆ ಇಷಾಪುರದ ಮುದ್ರೆ ಹೊತ್ತುಕೊಂಡೇ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯ ದಿನದ ಪಥಸಂಚಲನದಲ್ಲಿ ತ್ರೀ ನಾಟ್ ತ್ರೀಗೆ ವಿಧ್ಯುಕ್ತ ವಿದಾಯ ಹೇಳಿದರು. ಕೆನಡಾದ ಉತ್ತರ ಧ್ರುವದ ಅಂಚಿನಲ್ಲಿ ಗಸ್ತು ತಿರುಗುವ ರೇಂಜರ್ ಪಡೆ 1947ರಿಂದ ಹಿಡಿದಿದ್ದೂ ಇದೇ ವಂಶದ ರೈಫಲ್. ಎಂಥ ಚಳಿಯಲ್ಲೂ ಅದು ಮುಷ್ಕರ ಹೂಡುವುದಿಲ್ಲ ಎಂಬುದೇ ಅವರ ಕಾರಣ. 2018ರಿಂದ ಅವರಿಗೂ ಹೊಸ ಕೋವಿ ಬಂದಿದೆ.

ಮರುತುಂಬುವವರಿಗೆ ಈ ರೈಫಲ್ಲಿನಷ್ಟು ಪಾಠ ಹೇಳುವುದು ಇನ್ನೊಂದಿಲ್ಲ. ಕಂದಕದ ಕೆಸರಲ್ಲಿ ಹೊರಳಿದ ತೋಟೆಯೂ ಒಳಹೋಗಬೇಕೆಂದು ಇದರ ನಳಿಗೆಯ ಬುಡದಲ್ಲಿ ತೋಟೆ ಕೂರುವ ಗೂಡನ್ನು ಧಾರಾಳವಾಗಿ ಕೊರೆದಿದ್ದಾರೆ. ತೋಟೆಯನ್ನು ಹಿಡಿದು ನಿಲ್ಲಿಸುವುದು ಬುಡದ ಅಂಚುಪಟ್ಟಿ ಮಾತ್ರ. ಹಾರಿದಾಗ ಹಿತ್ತಾಳೆ ಮುಂದಿನ ಖಾಲಿ ಜಾಗಕ್ಕೆಲ್ಲ ಹಿಗ್ಗಿಕೊಳ್ಳುತ್ತದೆ. ಹಿಗ್ಗಲು ಬೇಕಾದ ಲೋಹ ಬುಡದ ತುಸು ಮೇಲಿನಿಂದ ಬರಬೇಕು, ಅಲ್ಲಿ ಗೋಡೆ ತೆಳುವಾಗುತ್ತದೆ. ಸೈನ್ಯಕ್ಕೆ ಚಿಂತೆಯಿಲ್ಲ, ಒಮ್ಮೆ ಹಾರಿಸಿ ಎಸೆಯುವ ಸಾಮಾನು. ಅದನ್ನೇ ಮತ್ತೆ ಡೈಗೆ ಒತ್ತಿ ಮೊದಲ ಅಳತೆಗೆ ತಂದು, ಮತ್ತೆ ಹಾರಿಸಿ ಹಿಗ್ಗಿಸಿದರೆ ಕೆಲವೇ ಸುತ್ತಿನಲ್ಲಿ ಕೊಳವೆ ಅಡ್ಡಡ್ಡ ತುಂಡಾಗಿ ಬುಡ ಮಾತ್ರ ಈಚೆ ಬರುತ್ತದೆ, ಉಳಿದರ್ಧ ಗೂಡಿನೊಳಗೇ.

ಶಿವಮೊಗ್ಗ ಕಡೆಯಿಂದ ಹೋಗಿ ಮಿನ್ನೆಸೋಟದಲ್ಲಿ ನೆಲೆಸಿದ ಎಂಜಿನಿಯರೊಬ್ಬರು ನನಗೆ ಇದನ್ನು ಕೈಯಲ್ಲೇ ಕೊಟ್ಟು ತೋರಿಸಿದ್ದರು. ಕಾಗದಕ್ಕೆ ಸಿಕ್ಕಿಸುವ ಸಾಮಾನ್ಯ ಕ್ಲಿಪ್ಪೊಂದನ್ನು ನೆಟ್ಟಗೆ ಮಾಡಿ, ತುದಿಯನ್ನು ಮಾತ್ರ ಕೊಕ್ಕೆಯಾಗಿ ಬಗ್ಗಿಸಿ ಕೊಳವೆಯೊಳಕ್ಕೆ ಇಳಿಬಿಟ್ಟು, “ತಳದಿಂದ ಮೇಲಕ್ಕೆ ನಿಧಾನ ಎಳೀರಿ ಸಾರ್, ಗೋಡೆಗೆ ಒತ್ತಿಕೊಂಡೇ ಎಳೀರಿ” ಎಂದರು. ಮೊದಲ ಕೊಳವೆಯಲ್ಲಿ ಕೊಕ್ಕೆ ನುಣ್ಣಗೆ ಜಾರಿ ಬಂತು. ಇನ್ನೊಂದರಲ್ಲಿ ಬುಡದಿಂದ ಸ್ವಲ್ಪ ಮೇಲೆ ಟಕ್ ಎಂದು ಸಣ್ಣ ಹಳ್ಳಕ್ಕೆ ಸಿಕ್ಕಿಕೊಂಡಿತು. “ನೋಡಿದ್ರಾ, ಇನ್ನೊಂದ್ ಈಡಿಗೆ ಇದು ಕೈ ಕೊಡ್ತಿತ್ತು” ಎಂದು ಅದನ್ನು ಇಕ್ಕಳದಲ್ಲಿ ಅಪ್ಪಚ್ಚಿ ಮಾಡಿ ಗುಜರಿ ಡಬ್ಬಿಗೆ ಹಾಕಿದರು. ಹೊರಗಿನಿಂದ ಎರಡೂ ಒಂದೇ ಥರ ಹೊಳೆಯುತ್ತಿದ್ದವು. ಇದಕ್ಕೆ ಅನುಭವಿಗಳು ಕಂಡುಕೊಂಡ ಉಪಾಯ ಸರಳ: ಒಮ್ಮೆ ತನ್ನ ರೈಫಲ್ಲಿನ ಗೂಡಿಗೆ ಹಿಗ್ಗಿದ ಕೊಳವೆಯನ್ನು ಮತ್ತೆ ಕಾರ್ಖಾನೆ ಅಳತೆಗೆ ಒತ್ತದೆ, ಗುಂಡು ಕಚ್ಚುವ ಕುತ್ತಿಗೆಯನ್ನು ಮಾತ್ರ ಬಿಗಿ ಮಾಡುವುದು. ಆಗ ಆ ಹಿತ್ತಾಳೆ ಆ ಒಂದು ರೈಫಲ್ಲಿಗೆ ಮಾತ್ರ ಸೇರಿದ್ದು. ಪಕ್ಕದ ಮನೆಯವರ ತ್ರೀ ನಾಟ್ ತ್ರೀಗೆ ಹೊಂದುವ ಭರವಸೆಯಿಲ್ಲ. ಹೀಗಾಗಿ ಡಬ್ಬಿಗಳ ಮೇಲೆ ರೈಫಲ್ಲಿನ ಸಂಖ್ಯೆಯನ್ನೇ ಬರೆದಿಡುತ್ತಾರೆ.

ಈ ತೋಟೆಯ ಮೂಲ ಮದ್ದಿಗೂ ನಮ್ಮ ನೆರೆಯ ಗುಡ್ಡಕ್ಕೂ ನಂಟಿದೆ. ಕುನ್ನೂರಿನಿಂದ ಊಟಿಗೆ ಪುಟ್ಟ ರೈಲಿನಲ್ಲಿ ಹೋದವರು ಅರುವಂಕಾಡು ನಿಲ್ದಾಣ ನೋಡಿರುತ್ತಾರೆ. ಅಲ್ಲಿನ ಕಾರ್ಡೈಟ್ ಕಾರ್ಖಾನೆ 20ನೇ ಶತಮಾನದ ಮೊದಲ ವರ್ಷಗಳಲ್ಲಿ ಬ್ರಿಟಿಷರು ಕಟ್ಟಿಸಿದ್ದು. ಕಾರ್ಡೈಟ್ ಪುಡಿಯಲ್ಲ, ಒಣಶಾವಿಗೆಯ ಎಳೆಗಳಂತೆ ಉದ್ದುದ್ದ. ಎಳೆಗಳ ಕಟ್ಟನ್ನು ಅಗಲ ಬಾಯಿಯ ಕೊಳವೆಗೆ ಇಳಿಸಿ, ಆಮೇಲೆ ಕುತ್ತಿಗೆ ಹಿಸುಕಿ ಗುಂಡು ಕೂರಿಸುತ್ತಿದ್ದರು. ಮನೆಯ ಮೇಜಿನ ಮೇಲೆ ಅದು ಆಗುವ ಕೆಲಸವಲ್ಲ. ಹಾಗಾಗಿ ಇವತ್ತಿನವರು ಕಾಳುಕಾಳಾದ ಮದ್ದನ್ನೇ ಬಳಸುತ್ತಾರೆ. ಹಳೆ ಸೈನ್ಯದ ತೋಟೆ ಸಿಕ್ಕಿದರೂ ಕೇಪಿನ ತಾಪತ್ರಯ ಬೇರೆ. ಅದರಲ್ಲಿನ ಪೊಟ್ಯಾಶಿಯಂ ಕ್ಲೋರೇಟ್ ಉರಿದು ಉಪ್ಪಾಗಿ ನಳಿಗೆಯಲ್ಲಿ ಕೂರುತ್ತದೆ, ಗಾಳಿಯ ತೇವ ಹೀರಿ ತುಕ್ಕು ಹಿಡಿಸುತ್ತದೆ. ಎಷ್ಟು ಎಣ್ಣೆ ಹಾಕಿ ಒರೆಸಿದರೂ ಉಪ್ಪು ಕರಗುವುದಿಲ್ಲ. ಕುದಿಯುವ ನೀರು ಸುರಿಯಬೇಕು. ಉಕ್ಕಿನ ಕೋವಿಗೆ ನೀರು ಸುರಿಯಲು ಹೊಸಬರು ಹೆದರುತ್ತಾರೆ. ನಮ್ಮ ಮಳೆಗಾಲದಲ್ಲಾದರೆ ಹೆದರಿ ಕೂತವನ ನಳಿಗೆ ಎರಡೇ ದಿನದಲ್ಲಿ ಕೆಂಪಾಗುತ್ತಿತ್ತು.

ಕೇಪಿನ ಕಥೆಯಲ್ಲಿ ಒಂದು ತಮಾಷೆಯೂ ಇದೆ. 1866ರ ಆಸುಪಾಸಿನಲ್ಲಿ ಇಬ್ಬರು ಎರಡು ಬಗೆಯ ಕೇಪು ಕಂಡುಹಿಡಿದರು, ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ಮತ್ತು ಅಮೆರಿಕದ ಹೈರಂ ಬರ್ಡನ್. ಬಾಕ್ಸರನದಕ್ಕೆ ಕೊಳವೆಯ ಬುಡದ ನಡುವೆ ಒಂದೇ ತೂತು, ಒಳಗಿನಿಂದ ಕಡ್ಡಿಯಲ್ಲಿ ನೂಕಿದರೆ ಹಳೆ ಕೇಪು ಹೊರಬೀಳುತ್ತದೆ. ಬರ್ಡನನದಕ್ಕೆ ಪಕ್ಕದಲ್ಲಿ ಎರಡು ಸಣ್ಣ ತೂತು, ಕಡ್ಡಿ ಹೋಗುವುದಿಲ್ಲ. ಅಮೆರಿಕದವರು ಇಂಗ್ಲಿಷಿನವನದನ್ನು ಹಿಡಿದರು, ಯುರೋಪಿನ ಸೈನ್ಯಗಳು ಅಮೆರಿಕದವನದನ್ನು. ಮರುತುಂಬುವ ಹವ್ಯಾಸ ಅಮೆರಿಕದಲ್ಲಿ ಇಷ್ಟು ಹಬ್ಬಲು ಆ ಒಂದು ತೂತಿನ ಪಾಲೂ ಇದೆ.

ಭಾರತದಲ್ಲಿ ಇದೆಲ್ಲ ಸಾಧ್ಯವೇ? ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಕೆಗೆ ಪ್ರತ್ಯೇಕ ಪರವಾನಗಿ ಬೇಕು. ಕೋವಿಯ ಲೈಸೆನ್ಸ್ ಇದ್ದವನೂ ಆ ಪರವಾನಗಿಯಿಲ್ಲದೆ ಮನೆಯಲ್ಲಿ ತೋಟೆ ತುಂಬಿದರೆ ಅದು ಅಪರಾಧ. ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯೂ 2019ರ ತಿದ್ದುಪಡಿಯಿಂದ ಮೂರರಿಂದ ಎರಡಕ್ಕೆ ಇಳಿದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ 2029ರವರೆಗೆ ಮುಂದುವರಿಸಿದೆ, ಆದರೆ ಅದು ಕೋವಿ ಇಟ್ಟುಕೊಳ್ಳಲು, ತೋಟೆ ತಯಾರಿಸಲು ಅಲ್ಲ. ಬೆಳೆ ಕಾಯಲು ಕೋವಿ ಇಟ್ಟ ಮಲೆನಾಡಿನ ರೈತ ಚುನಾವಣೆ ಬಂದರೆ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ಸಂಗ್ರಹವೆಂಬ ಮಾತೇ ಇಲ್ಲಿ ಹೊಂದುವುದಿಲ್ಲ. ಹಾಗಿರುವುದೇ ವಾಸಿ ಎಂದು ನನ್ನ ಅನಿಸಿಕೆ, ಒಪ್ಪದವರು ಇದ್ದಾರೆ.

ತ್ರೀ ನಾಟ್ ತ್ರೀ ನಮ್ಮ ಜನಸಾಮಾನ್ಯರಿಗೆ ಎಂದೂ ಸಿಗಲಿಲ್ಲ. ಸೈನ್ಯದ ತೋಟೆ ಜನರ ಕೋವಿಗೆ ಹೊಂದಬಾರದೆಂದು ಬ್ರಿಟಿಷರು ಆ ಅಳತೆಯನ್ನೇ ನಿಷೇಧಿಸಿದ್ದರು. ಅದಕ್ಕೇ ಇಷಾಪುರದ ಬೇಟೆ ರೈಫಲ್ ಇವತ್ತಿಗೂ ತ್ರೀ ಒನ್ ಫೈವ್. ಆಸ್ಟ್ರಿಯಾ ಸೈನ್ಯದ ಹಳೆ 8 ಮಿಲಿಮೀಟರ್ ತೋಟೆ ಇಲ್ಲಿ ಈ ಹೆಸರಲ್ಲಿ ಬಾಳುತ್ತಿದೆ. ಬೆಂಗಳೂರಿನ ಬೇಟೆಗಾರ ಕೆನೆತ್ ಆ್ಯಂಡರ್ಸನ್ ಹಿಡಿಯುತ್ತಿದ್ದದ್ದು ವಿಂಚೆಸ್ಟರಿನ 1895ರ ಮಾದರಿ, ಫೋರ್ ನಾಟ್ ಫೈವ್ ಅಳತೆಯದು. ತೇಜಸ್ವಿಯವರ ಕಾಡಿನ ಕಥೆಗಳಿಂದ ಕನ್ನಡದ ಓದುಗರಿಗೆ ಆ್ಯಂಡರ್ಸನ್ ಪರಿಚಿತ. ಆ ಅಳತೆಯ ಕಾರ್ಖಾನೆ ತೋಟೆ ಅಮೆರಿಕದಲ್ಲೇ ದಶಕಗಳ ಕಾಲ ನಿಂತುಹೋಗಿತ್ತು. ಹಾರ್ನಡಿ ಮತ್ತೆ ತಯಾರಿಸುವ ತನಕ ಅಲ್ಲಿನ ಅಂಥ ರೈಫಲ್‌ಗಳು ಹಾರಿದ್ದು ಹೆಚ್ಚಾಗಿ ಕೈಯಾರೆ ತುಂಬಿದ ತೋಟೆಗಳಿಂದ.

ದುಡ್ಡು ಉಳಿಯುತ್ತದೆಯೇ ಎಂದು ಕೇಳಿದರೆ ಈ ಹವ್ಯಾಸದವರು ನಗುತ್ತಾರೆ. ಒಂದೊಂದು ತೋಟೆಗೆ ಅರ್ಧ ಬೆಲೆ ಬಿದ್ದರೆ ಎರಡು ಪಟ್ಟು ಹಾರಿಸುತ್ತಾರೆ. 2020ರಿಂದೀಚೆಗೆ ಅಮೆರಿಕದಲ್ಲಿ ಕೇಪುಗಳಿಗೇ ಬರ ಬಂದು, ಮೂರು–ನಾಲ್ಕು ಸೆಂಟಿನದು ಅದರ ಎರಡು, ಮೂರು ಪಟ್ಟಾದಾಗ ಆ ಲೆಕ್ಕವೂ ಕೆಟ್ಟಿತು. ನೂರು ಡಾಲರಿನ ಮೋಸಿನ್ ಈಗ ಅದರ ಹಲವು ಪಟ್ಟು. 1950ರ ದಶಕದಲ್ಲಿ ಅಗ್ಗದ ಮೌಸರ್, ಎನ್‌ಫೀಲ್ಡ್‌ಗಳ ಮರ ಕತ್ತರಿಸಿ, ನಳಿಗೆ ಮೋಟು ಮಾಡಿ ಬೇಟೆ ಕೋವಿ ಮಾಡಿಕೊಂಡವರ ಮೊಮ್ಮಕ್ಕಳು ಇವತ್ತು ಅದೇ ಕತ್ತರಿಸಿದ ಮರಕ್ಕಾಗಿ ಗುಜರಿ ಹುಡುಕುತ್ತಿದ್ದಾರೆ.

ಸಂಗ್ರಾಹಕರು ಮುದುಕರಾಗುತ್ತಿದ್ದಾರೆ. ಒಬ್ಬರು ತೀರಿಕೊಂಡಾಗ ರೈಫಲ್‌ಗಳಿಗೆ ಗಿರಾಕಿಗಳು ಸಾಲುಗಟ್ಟುತ್ತಾರೆ, ಪ್ರೆಸ್ಸು, ಡೈ, ತಕ್ಕಡಿಗಳೂ ಹೋಗುತ್ತವೆ. ಅವರು ತುಂಬಿಟ್ಟ ತೋಟೆಗಳನ್ನು ಮಾತ್ರ ತಿಳಿದವರು ಮುಟ್ಟುವುದಿಲ್ಲ. ಆ ಡಬ್ಬಿಯ ಚೀಟಿಯಲ್ಲಿ ತೂಕ, ತಾರೀಖು, ರೈಫಲ್ಲಿನ ಸಂಖ್ಯೆ ಎಲ್ಲ ಇದ್ದರೂ, ಆ ಸಂಜೆ ಅವರ ಗಮನ ಎಲ್ಲಿತ್ತು ಎಂಬುದು ಅದರಲ್ಲಿಲ್ಲವಲ್ಲ. ಒಂದೊಂದಾಗಿ ಗುಂಡು ಕಿತ್ತು, ಹಿತ್ತಾಳೆಯನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಚೀಟಿಯಿಲ್ಲದ ಡಬ್ಬಿಯ ಮದ್ದನ್ನು ಬಳಸುವುದಂತೂ ಇಲ್ಲವೇ ಇಲ್ಲ. ಸಾರಜನಕ ಇರುವ ಪದಾರ್ಥವಾದ್ದರಿಂದ, ಹಿಮ ಕರಗಿದ ಮೇಲೆ ಅಂಗಳದ ಹುಲ್ಲಿಗೆ ತೆಳ್ಳಗೆ ಎರಚಿ ನೀರು ಬಿಡುತ್ತಾರೆ.